ಅಕ್ಕನಿಗೆ ಬರೆದ ಕಾಗದದಲ್ಲಿ ಯುದ್ಧವನ್ನು ಹುಡುಕುವವರಿಗೆ

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ತನ್ನ ಅಕ್ಕ ಕಸಾಂಡ್ರಾಳಿಗೆ ಬರೆದ ಪತ್ರಗಳನ್ನು ಕುರಿತು ಇಂದು ಗೋಷ್ಠಿಯೊಂದರಲ್ಲಿ ಮಾತನಾಡಿದವರು, ಯುರೋಪೆಲ್ಲ ನೆಪೋಲಿಯನ್ನನ ಯುದ್ಧಗಳಲ್ಲಿ ಬೇಯುತ್ತಿದ್ದಾಗ ಈಕೆ ಟೋಪಿ, ಮಸ್ಲಿನ್ ಬಟ್ಟೆ, ನೃತ್ಯಕೂಟಗಳ ಸುದ್ದಿ ಬರೆಯುತ್ತ ಕುಳಿತಿದ್ದಳು ಎಂದರು, ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ನನ್ನ ಸಿಟ್ಟನ್ನು ಬಲ್ಲ ಗೆಳೆಯರು ಈ ದೀರ್ಘ ಬರಹವನ್ನು ಸಹಿಸಿಕೊಳ್ಳಬೇಕು.

ಮದುವೆಯಾಗದೆ, ತಾಯಿಯೊಡನೆ ಒಂದೇ ಮನೆಯಲ್ಲಿ ಬಾಳಿದ ಅಕ್ಕತಂಗಿಯರು ಇವರು. ಒಬ್ಬಳು ಕೆಂಟ್‌ನಲ್ಲಿದ್ದ ಅಣ್ಣನ ಮನೆಗೋ ಲಂಡನ್ನಿನ ಇನ್ನೊಬ್ಬ ಅಣ್ಣನ ಮನೆಗೋ ಹೋದಾಗ ಇವರ ನಡುವೆ ಕಾಗದಗಳು ಓಡಾಡುತ್ತಿದ್ದವು. ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ತೆರಬೇಕಿತ್ತು, ಹಾಳೆ ಹೆಚ್ಚಿದರೆ ದರವೂ ಏರುತ್ತಿತ್ತು. ಆದ್ದರಿಂದ ಜೇನ್ ಒಂದೇ ಹಾಳೆಯನ್ನು ಅಂಚಿನವರೆಗೆ ತುಂಬಿಸಿ, ಅದೂ ಸಾಲದಾದಾಗ ತಲೆಕೆಳಗು ಮಾಡಿ ಸಾಲುಗಳ ನಡುವೆ ಬರೆಯುತ್ತಿದ್ದಳು. ಅಷ್ಟು ಇಕ್ಕಟ್ಟಿನಲ್ಲಿಯೂ ಟೋಪಿಗೆ ಜಾಗ ಸಿಕ್ಕಿದ್ದರೆ, ಅಕ್ಕ ಅದನ್ನು ಕೇಳಲು ಕಾದಿದ್ದಾಳೆಂದು ತಂಗಿಗೆ ಗೊತ್ತಿತ್ತು ಎಂದೇ ಅರ್ಥ.

ಇನ್ನು ಯುದ್ಧ. ಇಬ್ಬರು ಸಹೋದರರು ನೌಕಾಪಡೆಯಲ್ಲಿದ್ದ ಮನೆಗೆ ಯುದ್ಧದ ಪಾಠ ಹೇಳಬೇಕೆ? 1798ರ ಡಿಸೆಂಬರಿನ ಪತ್ರವೊಂದು ಅಣ್ಣ ಫ್ರಾಂಕನಿಗೆ ಕಮಾಂಡರ್ ಹುದ್ದೆ ದೊರೆತ ಸಂತೋಷದಲ್ಲೇ ತೊಡಗುತ್ತದೆ. 1801ರಲ್ಲಿ ತಮ್ಮ ಚಾರ್ಲ್ಸ್, ಶತ್ರುಹಡಗು ಹಿಡಿದುದಕ್ಕೆ ಬಂದ ಹಣದಲ್ಲಿ ಅಕ್ಕಂದಿರಿಬ್ಬರಿಗೂ ಚಿನ್ನದ ಸರ, ಪುಷ್ಯರಾಗದ ಶಿಲುಬೆ ಕೊಂಡದ್ದನ್ನು ಬರೆದು, ಅವನನ್ನು ಚೆನ್ನಾಗಿ ಬೈಯಬೇಕೆಂದು ಅಕ್ಕರೆಯಿಂದ ಸಿಡುಕುತ್ತಾಳೆ. ಯುದ್ಧ ಅಲ್ಲಿದೆ, ಒಡಹುಟ್ಟಿದವರ ಸುದ್ದಿಯಾಗಿ ಇದೆ. ಸೇನಾಪತಿಗಳ ಹೆಸರು ಹುಡುಕುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಕಸಾಂಡ್ರಾ ತನ್ನ ಕೊನೆಗಾಲದಲ್ಲಿ ಬಹಳಷ್ಟು ಪತ್ರಗಳನ್ನು ಸುಟ್ಟು, ಕೆಲವನ್ನು ಕತ್ತರಿಸಿದ್ದು ನಿಜ. ಉಳಿದಿರುವುದು ಬರೀ ಹೊಟ್ಟು ಎಂಬ ವಾದ ಅಲ್ಲಿಂದ ಹುಟ್ಟಿದೆ. ನಾನು ಒಪ್ಪುವುದಿಲ್ಲ. ಸುಡುವ ಕೈಯೇ ಉಳಿಸಿದ್ದು ಇವನ್ನು. ಅವುಗಳಲ್ಲಿ ಹೆಚ್ಚಿನವನ್ನು ಅಣ್ಣನ ಮಗಳು ಫ್ಯಾನಿಗೆ ಬಿಟ್ಟುಹೋದವಳು ಹೊಟ್ಟನ್ನು ಕಾಪಾಡುತ್ತಿದ್ದಳೆಂದು ನಂಬಲು ನನ್ನಿಂದಾಗದು.

ನನ್ನ ಅಕ್ಕನೊಡನೆ ನಾನು ಆಡುವ ಮಾತುಗಳಲ್ಲಿಯೂ ಹೊರಗಿನವರಿಗೆ ದಕ್ಕುವಂಥದ್ದೇನೂ ಇರುವುದಿಲ್ಲ. ಅವಳಿಲ್ಲದಿದ್ದರೆ ಆ ಮಾತುಗಳನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಬಹುಶಃ ಅದಕ್ಕೇ ಆ ನಗು ನನಗೆ ಇಷ್ಟು ನಾಟಿತು.

1813ರ ಜನವರಿಯಲ್ಲಿ ತನ್ನ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಲಂಡನ್ನಿನಿಂದ ಕೈಸೇರಿದಾಗ, ‘ನನ್ನ ಮುದ್ದಿನ ಕೂಸು’ ಬಂತೆಂದು ಜೇನ್ ಬರೆದದ್ದು ಕಸಾಂಡ್ರಾಳಿಗೇ. ಪುಸ್ತಕದ ಮೇಲೆ ಬರೆದವಳ ಹೆಸರಿರಲಿಲ್ಲ. ಸಂಜೆ ಅದನ್ನು ಓದಿಸಿಕೊಂಡು ಕೇಳಿದ ನೆರೆಮನೆಯಾಕೆಗೂ ಬರೆದವಳು ಎದುರಿಗೇ ಇದ್ದಾಳೆಂಬ ಸುಳಿವಿರಲಿಲ್ಲ. ಮುಂದಿನ ಪತ್ರದಲ್ಲಿ, ತಾಯಿ ಅವಸರವಾಗಿ ಓದಿಬಿಡುತ್ತಾರೆ, ಪಾತ್ರಗಳು ಅವರಿಗೆ ಚೆನ್ನಾಗಿ ಅರ್ಥವಾದರೂ ಅವುಗಳಂತೆ ಮಾತನಾಡಲು ಬರುವುದಿಲ್ಲ ಎಂಬ ದೂರು. ಊರಿಗೆಲ್ಲ ಗುಟ್ಟಾಗಿದ್ದ ಆ ಹೆಮ್ಮೆಯನ್ನೂ ತಾಯಿಯ ಮೇಲಿನ ಈ ಹುಸಿಮುನಿಸನ್ನೂ ಅವಳು ಅಕ್ಕನಿಗಲ್ಲದೆ ಮತ್ತೆ ಯಾರಿಗೆ ಬರೆಯಬೇಕಿತ್ತು?