ತೊಂಬತ್ತು ಸೆಕೆಂಡಿನ ತಪಸ್ಸು

ರಾತ್ರಿ ಎರಡು ಗಂಟೆ. ಸರ್ವರ್ ರೀಬೂಟ್ ಕೊಟ್ಟು ಕೂತಿದ್ದೇನೆ. ಪರದೆಯಲ್ಲಿ ಮೂರು ಕೆಂಪು ಚುಕ್ಕಿಗಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುತ್ತಿವೆ. ಪಕ್ಕದಲ್ಲಿ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂಬ ಮಂತ್ರ. ಯಾವುದೋ ಸರ್ವೀಸು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು, ನಿಲ್ಲಲು ಒಪ್ಪುತ್ತಿಲ್ಲ. ಲಿನಕ್ಸ್‌ನಲ್ಲಿ ಇಂಥ ಸರ್ವೀಸುಗಳನ್ನು ಎಬ್ಬಿಸಿ ಮಲಗಿಸುವ ಸಿಸ್ಟಮ್‌ಡಿ ಅದಕ್ಕೆ ‘ದಯವಿಟ್ಟು ಹೊರಡಿ’ ಎಂದು ಹೇಳಿ 90 ಸೆಕೆಂಡು ಕಾಯುತ್ತದೆ. ಆಮೇಲೆ ಕತ್ತು ಹಿಸುಕುತ್ತದೆ. ಎಷ್ಟು ಮರ್ಯಾದಸ್ತ ಕೊಲೆಗಾರ ನೋಡಿ!

ಬೂಟ್ ಬೇಗ ಆಗಲಿ ಅಂತಲೇ 2010ರಲ್ಲಿ ಇದನ್ನು ತಂದಿದ್ದು. ನಿಜ, ಬೇಗ ಆಗುತ್ತದೆ. ಆದರೆ ಅದಕ್ಕೂ ಮೊದಲು ಏಳುವ ಸರ್ವರಿನ ಬಯೋಸು ತನ್ನ ಮೆಮೊರಿ ಎಣಿಸಿ ಮುಗಿಸುವಷ್ಟರಲ್ಲಿ ನನಗೆ ಅರ್ಧ ನಿದ್ದೆ ಆಗಿರುತ್ತದೆ. ಆಮೇಲೆ ಉಳಿಸಿದ ಹತ್ತು ಸೆಕೆಂಡನ್ನು ಯಾವ ಬ್ಯಾಂಕಿನಲ್ಲಿ ಇಡಲಿ?

ಇದಕ್ಕೂ ಮೊದಲು ಸರ್ವೀಸುಗಳನ್ನು ಎಬ್ಬಿಸುತ್ತಿದ್ದ ಹಳೆಯ ಇನಿಟ್ ಸ್ಕ್ರಿಪ್ಟುಗಳು ಚಿನ್ನವೇನಲ್ಲ. ಯಾರೋ ಬರೆದಿದ್ದನ್ನು ಇನ್ಯಾರೋ ಕಾಪಿ ಹೊಡೆದದ್ದು. ಆದರೆ ಕೆಟ್ಟರೆ ಒಳಗೆ ಇಣುಕಿ ನೋಡಬಹುದಿತ್ತು. ಈಗ ಸರ್ವೀಸು ಏಳದಿದ್ದರೆ, ‘ಸ್ಟೇಟಸ್ ನೋಡಿ’ ಅನ್ನುತ್ತದೆ. ಸ್ಟೇಟಸ್ ನೋಡಿದರೆ, ‘ಎಕ್ಸಿಟ್ ಕೋಡ್‌ನಿಂದಾಗಿ ಫೇಲ್’. ಸರಿ, ಅದರ ದಿನಚರಿಯಾದ ಜರ್ನಲ್ ಕೇಳಿದರೆ ಇನ್ನೂ ವಿವರವಾದ ಉತ್ತರ: ‘ಸ್ಟಾರ್ಟ್ ಜಾಬ್ ಫೇಲ್ ಆಗಿದೆ. ಜಾಬಿನ ಫಲಿತಾಂಶ: ಫೇಲ್.’ ಸತ್ತದ್ದು ಯಾಕಪ್ಪಾ ಅಂದರೆ, ಸತ್ತಿದ್ದಕ್ಕೆ! ಸಿಟ್ಟು ಬಂದು ನಾಲ್ಕಾರು ಸಲ ಸ್ಟಾರ್ಟ್ ಕೊಟ್ಟರೆ, ‘ತೀರಾ ಬೇಗ ಬೇಗ ಕೇಳ್ತಿದ್ದೀಯ’ ಎಂದು ನಮಗೇ ಗದರುತ್ತದೆ. ಹತ್ತು ಸೆಕೆಂಡಿಗೆ ಐದೇ ಸಲ, ಅದು ಅದರ ಕಚೇರಿ ನಿಯಮ. ಆ ಜರ್ನಲ್ಲೋ ಬೈನರಿ. ಪದ ಹುಡುಕುವ ಗ್ರೆಪ್ ಹಿಡಿದುಕೊಂಡು ನೇರವಾಗಿ ಒಳಗೆ ಹೋಗುವಂತಿಲ್ಲ, ಅದರದ್ದೇ ದ್ವಾರಪಾಲಕನನ್ನು ಕೇಳಬೇಕು.

ತನ್ನ ಕೆಲಸದ ಕಥೆಯೇ ಹೀಗೆ. ಆದರೂ ಊರ ಕೆಲಸವೆಲ್ಲ ಅದಕ್ಕೆ ಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್‌ಗೆ ಬಂತು, ಅದರ ರಿಸಾಲ್ವ್ ಫೈಲು ತೆರೆದರೆ ಅಲ್ಲಿ ಸಿಸ್ಟಮ್‌ಡಿಯದೇ ವಿಳಾಸ 127.0.0.53 ಕೂತಿದೆ. ಲಾಗಿನ್ನಿಗೆ ಬಂತು, ಗಡಿಯಾರಕ್ಕೆ ಬಂತು. 2016ರಲ್ಲಿ, ಲಾಗೌಟ್ ಆದವರ ಪ್ರೋಸೆಸ್‌ಗಳನ್ನೆಲ್ಲ ಸಾಯಿಸುವುದೇ ಡೀಫಾಲ್ಟ್ ಆಯಿತು. ರಾತ್ರಿಯಿಡೀ ಓಡಲಿ ಅಂತ ಟಿಮಕ್ಸ್‌ನಲ್ಲಿ (ಲಾಗೌಟ್ ಆದರೂ ಕೆಲಸ ಓಡುತ್ತಿರಲಿ ಅಂತಲೇ ಇರುವ ಸಾಧನ) ಬಿಟ್ಟು ಹೋದ ಕೆಲಸ ಬೆಳಗ್ಗೆ ಇಲ್ಲ! 2024ರಲ್ಲಿ, ಅಡ್ಮಿನ್ ಅಧಿಕಾರ ಕೊಡಿಸುವ ಸುಡೋ ಬದಲಿಗೆ ರನ್‌ಝೀರೋ ಬಂತು.

ಅದನ್ನು ತಂದ ಸಿಸ್ಟಮ್‌ಡಿಯ 256ನೇ ಆವೃತ್ತಿಯಲ್ಲೇ ಇನ್ನೊಂದು ರತ್ನ. ಟೆಂಪ್‌ಫೈಲ್ಸ್ ಎಂಬ ಕಸಗುಡಿಸುವವನಿಗೆ ‘ಪರ್ಜ್’ ಎಂಬ ಹೊಸ ಪೊರಕೆ ಕೊಟ್ಟರು. ಟೆಂಪ್ ಅಂದರೆ ತಾತ್ಕಾಲಿಕ ಅಲ್ವಾ? ಅವನ ಪಟ್ಟಿಯಲ್ಲಿ ಹೋಮ್ ಡೈರೆಕ್ಟರಿಯೂ ಇತ್ತು! ಸುಮ್ನೆ ಓಡಿಸಿ ನೋಡಿದವರ ಫೋಟೋ, ಪತ್ರ, ಕೋಡು ಎಲ್ಲಾ ಗುಡಿಸಿ ಆಚೆ. ಮ್ಯಾನ್ಯುಯಲ್‌ನಲ್ಲಿ ಬರೆದಿದೆಯಲ್ಲ ಎಂಬ ಧಾಟಿಯ ಉತ್ತರ ಮೊದಲು ಬಂತು, ತಿದ್ದುಪಡಿ 256.1ರಲ್ಲಿ.

ಇತ್ತ ನನ್ನ ಚುಕ್ಕಿಗಳು ಓಡಾಡುತ್ತಲೇ ಇವೆ. 1 ನಿಮಿಷ 28 ಸೆಕೆಂಡು. 29. ಇನ್ನೇನು ಮುಗಿಯಿತು ಅಂತ ಬೆನ್ನು ನೆಟ್ಟಗೆ ಮಾಡಿಕೊಂಡೆ. ಕಣ್ಣೆದುರೇ ಗಡುವು ಮೂರು ನಿಮಿಷವಾಯಿತು. ಅದರ ಕೆಳಗೆ ಇನ್ನೊಂದು ಸರ್ವೀಸು ಸಾಲಿನಲ್ಲಿ ಬಂದು ನಿಂತಿತು. ಅದರ ಗಡುವಿನ ಜಾಗದಲ್ಲಿ ಬರೆದಿತ್ತು: ‘ನೋ ಲಿಮಿಟ್’.