ರಾಗಿ ಹೊಲದ ಸೂರ್ಯಕಾಂತಿ

ನಮ್ಮ ದೇಶದಲ್ಲಿ ಕಾರಿನ ಬಂಪರ್ ನೋಡೋಕೂ ಓದಿರಬೇಕು. ಸುಮ್ನೆ ಹೇಳ್ತಿಲ್ಲ. ವಿಮೆ ಇರುವ ಗಾಡಿಯ ನಷ್ಟ 50,000 ರೂಪಾಯಿ ಮುಟ್ಟಿದರೆ ಅದನ್ನು ಅಂದಾಜು ಮಾಡೋಕೆ ಲೈಸೆನ್ಸ್ ಇರುವ ಸರ್ವೇಯರೇ ಬರಬೇಕು. ಆ ಲೈಸೆನ್ಸ್ ಸಿಗಬೇಕಾದರೆ ಹಳೇ ಸರ್ವೇಯರ್ ಒಬ್ಬರ ಹಿಂದೆ 12 ತಿಂಗಳು ಓಡಾಡಿ, ಪರೀಕ್ಷೆ ಪಾಸಾಗಬೇಕು. ಬೆಂಕಿಗೆ ಬೇರೆ ವಿಭಾಗ, ಹಡಗಿಗೆ ಬೇರೆ, ಮೋಟಾರಿಗೆ ಬೇರೆ. ತಗಡು ನೋಡುವ ಕಣ್ಣನ್ನು ಅಷ್ಟು ಪಳಗಿಸುತ್ತಾರೆ.

ರಾಗಿ ನೋಡುವ ಕಣ್ಣಿಗೆ ಒಂದು ಮಧ್ಯಾಹ್ನ ಸಾಕು. ಅದರಲ್ಲಿ ಅರ್ಧ ಊಟಕ್ಕೆ.

ನಮ್ಮ ಹೊಲಕ್ಕೆ ಬೆಳೆ ಸಮೀಕ್ಷೆಗೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ದಾಖಲಿಸೋಕೆ, ಬಂದವನು ಪಕ್ಕದೂರಿನ ಹುಡುಗ. ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಎರಡು ವರ್ಷ ಇದ್ದು ವಾಪಸ್ ಬಂದಿದ್ದ. ತರಬೇತಿ ಆಗಿದೆ ಅಂದ. ನಿಜ, ಆಗಿತ್ತು. ಆಪ್ ತೆರೆಯೋದು, ಜಿಪಿಎಸ್ ಸಿಗೋವರೆಗೆ ಕಾಯೋದು, ಸರ್ವೆ ನಂಬರಿನ ಗೆರೆಯೊಳಗೆ ನಿಂತು ಫೋಟೋ ಹೊಡೆಯೋದು, ಎಲ್ಲ ಬರುತ್ತಿತ್ತು. ಬೆಳೆ ಒಂದು ಬಿಟ್ಟು.

ಅವನ ತಪ್ಪು ಅಂತಾನೂ ಅಲ್ಲ. ನಮ್ಮ ಕಡೆ ರಾಗಿ ಒಂದೇ ಹಾಕೋದಿಲ್ಲ. ಮಧ್ಯೆ ಅಕ್ಕಡಿ ಸಾಲು ಇರುತ್ತೆ, ಅವರೆ, ತೊಗರಿ, ಹುಚ್ಚೆಳ್ಳು ಅಂತ. ಅವನು ಬಂದಾಗ ಹುಚ್ಚೆಳ್ಳು ಹೂಬಿಟ್ಟು ಹೊಲವೆಲ್ಲ ಹಳದಿ ಹಳದಿ. ಫೋನ್ ಹಿಡಿದು ಒಂದು ನಿಮಿಷ ನಿಂತ. ಆಮೇಲೆ ಕೇಳಿದ: "ಅಣ್ಣಾ, ಇದು ಗಿಡ್ಡ ಜಾತಿ ಸೂರ್ಯಕಾಂತಿನಾ?"

ನಾನು ನಕ್ಕೆ. ನಗಬಾರದಿತ್ತು. ನಕ್ಕಿದ್ದನ್ನೇ ಅವನು ಹೌದು ಅಂತ ತಿಳಿದುಕೊಂಡ.

ಇನ್ನು ಬೆಳೆ ವಿಮೆಗೆ ಒಂದು ಪಂಚಾಯಿತಿಯ ಇಳುವರಿ ಅಳೆಯೋದು ಹೇಗೆ ಗೊತ್ತಾ? ಬೆಳೆ ಕಟಾವು ಪ್ರಯೋಗ ಅಂತ ಮಾಡುತ್ತಾರೆ. ಲಾಟರಿ ಥರ ಸರ್ವೆ ನಂಬರ್ ಎತ್ತಿ, ಹೊಲದಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲ ಹಗ್ಗ ಕಟ್ಟಿ, ಅಷ್ಟನ್ನು ಕೊಯ್ದು ಬಡಿದು ತೂಗುತ್ತಾರೆ. ಮುಖ್ಯ ಬೆಳೆಗೆ ಪಂಚಾಯಿತಿಗೆ ಇಂಥವು ನಾಲ್ಕು. ನಾಲ್ಕೂ ಸೇರಿದರೆ 100 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಇಡೀ ಪಂಚಾಯಿತಿಯ ನಸೀಬು ಒಂದು ಗುಂಟೆಯಲ್ಲಿ. ಹಾಗಾಗಿ ಆ ಗುಂಟೆಯಲ್ಲಿ ನಿಂತವರಿಗೆ ಹಗ್ಗ ನೇರ ಹಿಡಿಯೋಕಾದರೂ ಬರಬೇಕು ಅಲ್ವಾ? ನಮ್ಮೂರಲ್ಲಿ ಹಗ್ಗ ಹಿಡಿದದ್ದು ಹೊಲದವನ ಹೆಂಡತಿ. ಸಾಕ್ಷಿಗೆ ಅಂತ ಬಂದ ವಿಮಾ ಕಂಪನಿ ಪ್ರತಿನಿಧಿ ಬದುವಿನ ಮೇಲೇ ನಿಂತಿದ್ದರು. ಬಿಳಿ ಶೂ.

ಅಡಿಕೆ, ಮೆಣಸಿನವರಿಗೆ ಈ ಕಾಟವಿಲ್ಲ. ಅವರದು ಹವಾಮಾನ ಆಧಾರಿತ ವಿಮೆ. ಹೊಲ ನೋಡೋಕೆ ಮನುಷ್ಯನೇ ಬೇಡ, ಮಳೆಮಾಪಕ ಸಾಕು. ಅದು ಕೆಟ್ಟು ನಿಂತಿತು ಅಂದರೆ ತೋಟದಲ್ಲಿ ಮೊಣಕಾಲುದ್ದ ನೀರಿದ್ದರೂ ಲೆಕ್ಕದಲ್ಲಿ ಬಿಸಿಲೇ.

ಡಿಸೆಂಬರಿನಲ್ಲಿ ನಮ್ಮ ರಾಗಿ ಕೊಯ್ಲಾಯಿತು. ಅರಿ ಹಾಕಿ ನಾಲ್ಕನೇ ದಿನಕ್ಕೆ ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ತೆನೆ ಹಿಡಿದರೆ ಬೆರಳಿಗೆ ಮೊಳಕೆ ಚುಚ್ಚುತ್ತಿತ್ತು. ಕೊಯ್ದು ಹೊಲದಲ್ಲಿ ಒಣಗೋಕೆ ಬಿಟ್ಟ ಬೆಳೆಗೂ 14 ದಿನ ವಿಮೆ ಉಂಟು, ಆದರೆ 72 ಗಂಟೆಯೊಳಗೆ ತಿಳಿಸಬೇಕು. ನೋಡಿ, ತರಬೇತಿ ನಿಜವಾಗಿ ಯಾರಿಗೆ ಬೇಕು ಅಂತ. ಯಾವ ಸರ್ವೆ ನಂಬರ್, ಯಾವ ಬೆಳೆ, ಯಾವ ತಾರೀಕು, ನೂರಕ್ಕೆ ಎಷ್ಟು ನಷ್ಟ, ಎಲ್ಲ ನಾನೇ ಹೇಳಬೇಕು. ಟೋಲ್ ಫ್ರೀ ಸಂಗೀತ ಕೇಳುತ್ತಾ ಕೂತು ಹೇಳಿದೆ. ಕರೆಂಟ್ ಬಂದು ಹೋಗೋದರೊಳಗೆ ಎರಡು ಸಲ ಚಾರ್ಜ್ ಮಾಡಿದೆ.

ಒಂಬತ್ತನೇ ದಿನ ನಷ್ಟ ಅಂದಾಜು ಮಾಡುವವರು ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿಯಂತೆ, ಬೆಳೆ ಸಾಲ ಕೊಟ್ಟ ಅನುಭವ ಇದೆಯಂತೆ. ಸಾಲ ಕೊಟ್ಟವರಿಗೆ ನಷ್ಟ ಗೊತ್ತಿರುತ್ತೆ ಅನ್ನೋದು ತಪ್ಪೇನಲ್ಲ ಬಿಡಿ. ಒಳ್ಳೆಯ ಮನುಷ್ಯರು. ಮಜ್ಜಿಗೆ ಕುಡಿದರು. ಫೋನ್ ತೆಗೆದು ಸಮೀಕ್ಷೆಯ ದಾಖಲೆ ನೋಡಿದರು. ಹೊಲ ನೋಡಿದರು. ಮತ್ತೆ ಫೋನ್ ನೋಡಿದರು.

"ಇದರಲ್ಲಿ ಸೂರ್ಯಕಾಂತಿ ಅಂತಿದೆಯಲ್ಲ?"

"ಅದು ಹುಚ್ಚೆಳ್ಳು ಸಾರ್. ವಿಮೆ ಕಟ್ಟಿದ್ದು ರಾಗಿಗೆ. ನೀವು ನಿಂತಿರೋದೂ ರಾಗಿ ಮೇಲೇ."

ಕಾಲು ಎತ್ತಿ ನೋಡಿದರು. ಬಗ್ಗಿ ಒಂದು ತೆನೆ ತೆಗೆದು, ಮೂಸಿ, ತಿರುಗಿಸಿ, "ನೋಡೋಕೆ ರಾಗಿ ಥರಾನೇ ಇದೆ" ಅಂದರು. ಆದರೆ ದಾಖಲೆಗೆ ತಾಳೆ ಆಗಬೇಕಲ್ಲ, ಅವಾಗಲೇ ಬೆಳೆ ದರ್ಶಕ್ ಆಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬೇಕಿತ್ತು, ಈಗ ದಿನ ಮೀರಿದೆ, ನನ್ನ ಕೈಯಲ್ಲೇನಿದೆ ಅಂತ ಬೇಜಾರು ಮಾಡಿಕೊಂಡರು. ನನಗಿಂತ ಅವರಿಗೇ ಜಾಸ್ತಿ ಬೇಜಾರಾದಂತಿತ್ತು. ಷರಾ ಕಾಲಂನಲ್ಲಿ "ಬೆಳೆ ಹೊಂದಾಣಿಕೆ ಇಲ್ಲ" ಅಂತ ಬರೆದರು. ಅಕ್ಷರ ಮುತ್ತಿನ ಹಾಗಿತ್ತು.

ಬೈಕ್ ಹತ್ತುವಾಗ ಏನೋ ನೆನಪಾಗಿ ಇಳಿದು ಬಂದರು. ದನಿ ಸಣ್ಣದು ಮಾಡಿಕೊಂಡು, "ಮನೇಲಿ ಶುಗರ್ ಇದೆ. ನಿಮ್ಮ ಕಡೆ ರಾಗಿ ಚೆನ್ನಾಗಿರುತ್ತಂತಲ್ಲ, ಹಳೇದಿದ್ದರೆ ಹತ್ತು ಕೇಜಿ ಸಿಗುತ್ತಾ?" ಅಂದರು.

"ನಾವು ಬೆಳೆಯೋದು ಸೂರ್ಯಕಾಂತಿ ಸಾರ್" ಅಂದೆ.