ಲೆನ್ಸ್ ಭಾರ ಇದ್ದರೇನೇ ಫೋಟೋ ಚೆನ್ನಾಗಿ ಬರುತ್ತಾ?

ಪ್ರವಾಸಕ್ಕೆ ಹೊರಟವರ ಫೋನಿಗೆ ಆಗಾಗ ಬರುವ ಫಾರ್ವರ್ಡ್ ಒಂದಿದೆ: ಲೆನ್ಸ್ ಭಾರ ಇದ್ದಷ್ಟೂ ಫೋಟೋ ಚೆನ್ನ ಅಂತ. ಇದು ನಿಜವಲ್ಲ. ನಂಬಿದವರದ್ದೇನೂ ತಪ್ಪಿಲ್ಲ; ದುಬಾರಿ ಲೆನ್ಸ್‌ಗಳು ಸಾಮಾನ್ಯವಾಗಿ ಭಾರವೇ ಇರುತ್ತವೆ, ಅಲ್ವಾ? ಆದರೆ ಆ ತೂಕ ಹೆಚ್ಚಾಗಿ ಬೆಳಕು ಒಳಬಿಡುವ ದೊಡ್ಡ ಕಿಂಡಿಗೆ, ಅಂದರೆ ದೊಡ್ಡ ಅಪರ್ಚರ್‌ಗೆ, ಜೂಮ್‌ಗೆ ಬೇಕಾದ ಗಾಜಿನದು. ಲೆನ್ಸ್ ಹೆಸರಿನಲ್ಲಿ ಎಂಎಂ ಸಂಖ್ಯೆ ದೃಶ್ಯ ಎಷ್ಟು ಹತ್ತಿರ ಕಾಣುತ್ತದೆ ಅಂತ ಹೇಳುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು. 24-70 ಎಂಎಂ ಎಫ್/2.8 ಜೂಮ್ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. 50 ಎಂಎಂ ಎಫ್/1.8 ಎಷ್ಟೋ ಸಲ 200 ಗ್ರಾಂ ಒಳಗೇ. ಆದರೂ ಪೂರ್ತಿ ತೆರೆದಾಗ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು ಬಿಡುತ್ತದೆ. ಜೂಮ್ ಇಲ್ಲ, ನಾವೇ ನಾಲ್ಕು ಹೆಜ್ಜೆ ನಡೆಯಬೇಕು.

ನೀವೇ ಪರೀಕ್ಷಿಸಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎರಡೂ ಲೆನ್ಸ್‌ನಲ್ಲಿ 50 ಎಂಎಂ, ಎಫ್/8 ಇಟ್ಟುಕೊಂಡು ಒಂದೇ ಇಟ್ಟಿಗೆ ಗೋಡೆಯ ಫೋಟೋ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ವ್ಯತ್ಯಾಸ ಬೇಕೆಂದರೆ ಹೆಚ್ಚಾಗಿ ಮೂಲೆಗಳಲ್ಲೇ ಹುಡುಕಬೇಕಾಗುತ್ತದೆ.